ಜಲಪಾತದ ಆಚೆಯ ಕೋರ್ಟು

ಸೆರೆಮನೆಯ ಪುಸ್ತಕ ಎಂದೊಡನೆ ಕನ್ನಡದ ಓದುಗರಿಗೆ ಮೊದಲು ನೆನಪಾಗುವುದು ತಪ್ಪಿಸಿಕೊಂಡು ಹೋಗುವ ಪುಸ್ತಕ. ತೇಜಸ್ವಿ ನಮಗೆ 'ಮಹಾಪಲಾಯನ' ಕೊಟ್ಟರು, ಪ್ರದೀಪ ಕೆಂಜಿಗೆಯವರ ಜೊತೆ ಸೇರಿ 'ಪ್ಯಾಪಿಲಾನ್' ಕೊಟ್ಟರು. ಸೈಬೀರಿಯಾದ ಹಿಮ, ಗೋಬಿಯ ಮರಳು, ಸಮುದ್ರದ ನಡುವೆ ತೆಂಗಿನಕಾಯಿ ಮೂಟೆಯ ಮೇಲೆ ತೇಲುವ ಮನುಷ್ಯ ಎಲ್ಲವೂ ನೆನಪಿವೆ. ವಿಚಾರಣೆ ಮಾತ್ರ ನೆನಪಿಲ್ಲ. 'ಮಹಾಪಲಾಯನ'ದ ಇಂಗ್ಲಿಷ್ ಮೂಲ ಶುರುವಾಗುವುದೇ ಮಾಸ್ಕೋದ ಲುಬ್ಯಾಂಕಾ ಜೈಲಿನಲ್ಲಿ. ಪೋಲೆಂಡಿನ ಗಡಿ ಭಾಗದ ಒಬ್ಬ ಸೈನ್ಯಾಧಿಕಾರಿ, ತಾಯಿಯ ಕಡೆಯಿಂದ ರಷ್ಯನ್ ಭಾಷೆ ಬಲ್ಲವನು. ಆ ಭಾಷೆ ಬರುತ್ತದೆ ಎನ್ನುವುದೇ ಅವನ ಮೇಲಿನ ಅನುಮಾನಕ್ಕೆ ಬಲ ಕೊಡುತ್ತದೆ. ಬೇಹುಗಾರನೆಂದು ಇಪ್ಪತ್ತೈದು ವರ್ಷ ಶಿಕ್ಷೆ. ಆ ಪುಟಗಳನ್ನು ನಾವು ಬೇಗ ಬೇಗ ತಿರುವಿ ಓಟದ ಭಾಗಕ್ಕೆ ಹೋಗಿದ್ದೇವೆ. 2006ರಲ್ಲಿ ಬಿಬಿಸಿ ಹೊರತೆಗೆದ ಸೋವಿಯತ್ ದಾಖಲೆಗಳು ಆ ಲೇಖಕ ಕ್ಷಮಾದಾನದಲ್ಲಿ ಬಿಡುಗಡೆಯಾಗಿದ್ದನೆಂದು ತೋರಿಸಿದವು. ಅಂದರೆ ನಾವು ಮೆಚ್ಚಿದ ನಡಿಗೆ ಅನುಮಾನದ್ದು. ನಾವು ಹಾರಿಸಿ ಓದಿದ ಸೆರೆವಾಸವೇ ನಿಜ.

ಈಗ ಹೇಳಹೊರಟಿರುವ ಪುಸ್ತಕದಲ್ಲಿ ಯಾರೂ ತಪ್ಪಿಸಿಕೊಂಡು ಹೋಗುವುದಿಲ್ಲ. 'ಎ ಸ್ಲಿವರ್ ಆಫ್ ಲೈಟ್', 2014ರಲ್ಲಿ ಬಂದದ್ದು. ಬರೆದವರು ಮೂವರು: ಶೇನ್ ಬಾವರ್, ಜೋಶ್ ಫಟ್ಟಾಲ್, ಸಾರಾ ಶೌರ್ಡ್. ಇರಾಕಿನ ಕುರ್ದಿಸ್ತಾನದ ಬೆಟ್ಟದಲ್ಲಿ ಚಾರಣಕ್ಕೆ ಹೋಗಿ ಇರಾನಿನ ಸೈನಿಕರ ಕೈಗೆ ಸಿಕ್ಕಿ, ತೆಹ್ರಾನಿನ ಎವಿನ್ ಜೈಲು ಸೇರಿದ ಅಮೆರಿಕನ್ನರು. ಸುದ್ದಿಯಾಗಿ ಇದು ಹಳೆಯದು. ಆದರೆ ಪರದೇಶದ ಕೋರ್ಟಿನ ಬಗ್ಗೆ ನಾವು ಹೇಗೆ ಮಾತಾಡುತ್ತೇವೆ ಎನ್ನುವುದನ್ನು ಯೋಚಿಸಲು ಇದಕ್ಕಿಂತ ಉಪಯುಕ್ತವಾದ ಪುಸ್ತಕ ನನಗೆ ಸಿಕ್ಕಿಲ್ಲ. ಅದರ ಕೊರತೆಗಳೂ ಉಪಯುಕ್ತವೇ.

ಗಡಿ ಎಂದರೆ ಮುಂಬಯಿ ಕನ್ನಡಿಗರಿಗೆ ಮೊದಲು ಹೊಳೆಯುವುದು ಬೆಳಗಾವಿ. 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆ ನಮ್ಮ ಎರಡು ರಾಜ್ಯಗಳ ನಡುವೆ ಇನ್ನೂ ಮುಗಿದಿಲ್ಲ. ಬಸ್ಸಿಗೆ ಮಸಿ ಬಳಿಯುತ್ತಾರೆ, ಬೋರ್ಡು ಒಡೆಯುತ್ತಾರೆ, ಆದರೂ ನಿಪ್ಪಾಣಿ ದಾಟಿದ್ದಕ್ಕೆ ಯಾರನ್ನೂ ಎಂಟು ವರ್ಷ ಒಳಗೆ ಹಾಕುವುದಿಲ್ಲ. ಅಹ್ಮದ್ ಆವಾದ ಗಡಿ ಬೇರೆ ಜಾತಿಯದು. ಅದು ಹಲಬ್ಜಾ ಊರಿನ ಹತ್ತಿರದ ಜಲಪಾತ. 1988ರ ಮಾರ್ಚಿನಲ್ಲಿ ಸದ್ದಾಮನ ವಿಷಾನಿಲಕ್ಕೆ ಸಾವಿರಾರು ಜನ ಸತ್ತ ಊರದು. ಈಗ ಸುಲೇಮಾನಿಯಾದ ಜನ ಮಕ್ಕಳುಮರಿ ಕಟ್ಟಿಕೊಂಡು ಬಂದು ನೀರಿನ ಪಕ್ಕ ಊಟ ಮಾಡಿ ಹೋಗುವ ತಾಣ. ಮೇಲಿನ ಬೆಟ್ಟದ ಸಾಲಿನಲ್ಲಿ ಎಲ್ಲೋ ಒಂದು ಕಡೆ ಇರಾಕ್ ಮುಗಿದು ಇರಾನ್ ಶುರುವಾಗುತ್ತದೆ. ಒಟ್ಟೋಮನ್ ಸುಲ್ತಾನರೂ ಪರ್ಷಿಯಾದ ಶಾಗಳೂ 1639ರಲ್ಲಿ ಒಪ್ಪಿಕೊಂಡ ಗಡಿ. ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಆಯೋಗವೊಂದು ಕಂಬ ನೆಟ್ಟ ಗಡಿ. 1975ರಲ್ಲಿ ಅಲ್ಜೀರ್ಸ್‌ನಲ್ಲಿ ಮತ್ತೆ ಸಹಿ ಹಾಕಿ, 1980ರಲ್ಲಿ ಸದ್ದಾಮ್ ಹರಿದು ಹಾಕಿ ಎಂಟು ವರ್ಷ ಯುದ್ಧ ಮಾಡಿದ ಗಡಿ. ಈ ಮೂವರ ಸೆರೆವಾಸದ ಮೊದಲ ಡಿಸೆಂಬರಿನಲ್ಲೇ, ದಕ್ಷಿಣಕ್ಕೆ ಫಕ್ಕಾ ಎಂಬಲ್ಲಿ ಇರಾನಿನ ಸೈನಿಕರು ಒಂದು ಎಣ್ಣೆ ಬಾವಿಯನ್ನು ಹಿಡಿದು ತಮ್ಮ ಬಾವುಟ ನೆಟ್ಟರು. ಇರಾಕ್ ಅದು ತನ್ನ ಬಾವಿ ಎಂದಿತು. ಸರ್ಕಾರಗಳಿಗೇ ಗೆರೆ ಎಲ್ಲಿದೆ ಎಂದು ಜಗಳವಿರುವಾಗ ಚಾರಣಕ್ಕೆ ಬಂದವರು ಅದನ್ನು ಕಂಡುಹಿಡಿಯಬೇಕಿತ್ತು.

2009ರ ಜುಲೈ 31ರಂದು ಆದದ್ದು ಇಷ್ಟು. ಶೇನ್ ಮತ್ತು ಸಾರಾ ಆಗ ಡಮಾಸ್ಕಸ್‌ನಲ್ಲಿದ್ದರು. ಅವನು ಅರಬ್ಬಿ ಬಲ್ಲ ಪತ್ರಕರ್ತ, ಅವಳು ಇರಾಕಿ ನಿರಾಶ್ರಿತರಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ಜೋಶ್ ಗೆಳೆಯರನ್ನು ನೋಡಲು ಬಂದವನು. ನಾಲ್ಕನೆಯ ಗೆಳೆಯನೊಬ್ಬ ಮೈ ಸರಿಯಿಲ್ಲವೆಂದು ಹೋಟೆಲಿನಲ್ಲೇ ಉಳಿದು, ಹಾಗೆ ಉಳಿದದ್ದರಿಂದಲೇ ಬಚಾವಾದ. ಮೂವರೂ ಜಲಪಾತದ ಹತ್ತಿರ ರಾತ್ರಿ ಕಳೆದು ಬೆಳಿಗ್ಗೆ ಕಾಲುದಾರಿ ಹಿಡಿದು ಮೇಲೆ ಹತ್ತಿದರು. ಮೇಲೆ ಒಬ್ಬ ಸೈನಿಕ ಕಂಡ, ಕೈಬೀಸಿ ಕರೆದ. ಹೋದರು. ನಂತರ ಒಬ್ಬ ಅವರು ನಿಂತ ನೆಲ ತೋರಿಸಿ ಇರಾನ್ ಎಂದ, ಅವರು ಬಿಟ್ಟುಬಂದ ದಾರಿ ತೋರಿಸಿ ಇರಾಕ್ ಎಂದ. ಸಾರಾ ಬಿಡುಗಡೆಯಾದ ಮೇಲೆ ಹೇಳಿದ ವಿವರ ಇದು. ನಿಜವಾದರೆ, ಅವರ ಅಕ್ರಮ ಪ್ರವೇಶವೆಂಬ ಅಪರಾಧ ಸೈನಿಕನ ಕೈಸನ್ನೆಗೆ ಓಗೊಟ್ಟ ಕೆಲವು ಹೆಜ್ಜೆಗಳಲ್ಲಿದೆ.

ಮೂವರು ಕೂಡಿ ಒಂದೇ ಪುಸ್ತಕ ಬರೆಯುವುದು ಅಪಾಯದ ಕೆಲಸ. ಒಬ್ಬರ ನೆನಪು ಇನ್ನೊಬ್ಬರ ನೆನಪನ್ನು ತಿದ್ದಿ, ಕೊನೆಗೆ ಎಲ್ಲರೂ ಒಪ್ಪಿದ ಹೇಳಿಕೆಯಂಥದ್ದು ಉಳಿಯುತ್ತದೆ. ಇಲ್ಲಿ ಹಾಗಾಗಿಲ್ಲ. ಪ್ರತಿ ಅಧ್ಯಾಯದ ತಲೆಯ ಮೇಲೆ ಬರೆದವರ ಹೆಸರಿದೆ. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ, ಒಮ್ಮೊಮ್ಮೆ ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ನಿಲ್ಲುತ್ತಾರೆ. ಗಂಡಸರಿಬ್ಬರನ್ನು ಕೆಲವು ತಿಂಗಳ ನಂತರ ಒಂದೇ ಕೋಣೆಗೆ ಹಾಕಿದರು. ಸಾರಾ ಬಿಡುಗಡೆಯ ತನಕ, ಅಂದರೆ 410 ದಿನ, ಒಬ್ಬಳೇ ಇದ್ದಳು. ದಿನದ ಸಣ್ಣದೊಂದು ಹೊತ್ತು ಮಾತ್ರ ಅಂಗಳದಲ್ಲಿ ಅವರಿಬ್ಬರ ಭೇಟಿ. ಆ ಹೊತ್ತು ಮುಗಿದು ಅವರಿಬ್ಬರೂ ಜೊತೆಯಾಗಿ ಹೊರಟಾಗ ಅವಳಿಗೆ ಆಗುವ ಹೊಟ್ಟೆಕಿಚ್ಚನ್ನು ಅವಳು ಮುಚ್ಚಿಡುವುದಿಲ್ಲ. ಒಂಟಿ ಸೆರೆ ಮನುಷ್ಯನನ್ನು ಪವಿತ್ರನನ್ನಾಗಿ ಮಾಡುತ್ತದೆ ಎಂಬ ಹಳೆಯ ಸುಳ್ಳನ್ನು ಅವಳ ಅಧ್ಯಾಯಗಳು ಚೊಕ್ಕವಾಗಿ ಒರೆಸಿಹಾಕುತ್ತವೆ. ಅದು ಮನುಷ್ಯರನ್ನು ಸಣ್ಣವರನ್ನಾಗಿ ಮಾಡುತ್ತದೆ, ಮತ್ತು ಸಣ್ಣವರಾಗುತ್ತಿದ್ದೇವೆ ಎಂಬ ಅರಿವನ್ನೂ ಉಳಿಸುತ್ತದೆ.

ಶೇನ್ ಸಾರಾಳಿಗೆ ಜೈಲಿನಲ್ಲೇ ಮದುವೆಯ ಪ್ರಸ್ತಾಪ ಮಾಡಿದ್ದು, ದಾರದಲ್ಲಿ ಉಂಗುರ ಹೆಣೆದು ಕೊಟ್ಟದ್ದು ಪತ್ರಿಕೆಗಳಿಗೆ ಬಹಳ ಇಷ್ಟವಾದ ಕಥೆ. ಪುಸ್ತಕದಲ್ಲಿ ಅದಕ್ಕೆ ಸಿಕ್ಕಿರುವ ಜಾಗ ನನಗೆ ಸ್ವಲ್ಪ ಹೆಚ್ಚು ಅನ್ನಿಸಿತು. ಜೋಶ್‌ನ ಭಾಗಗಳೇ ನನಗೆ ಹೆಚ್ಚು ಹಿಡಿಸಿದವು. ಪ್ರೇಮಿಗಳಿಬ್ಬರ ನಡುವೆ ಮೂರನೆಯವನಾಗಿ, ಗೆಳೆಯನ ಜೊತೆ ಒಂದೇ ಕೋಣೆಯಲ್ಲಿ ಹಗಲು ರಾತ್ರಿ ಕಳೆಯುವುದರ ಕಷ್ಟವನ್ನು ಅವನು ದನಿ ಏರಿಸದೆ ಬರೆಯುತ್ತಾನೆ.

ಇನ್ನು ಕೋರ್ಟು. ದಪ್ಪನೆಯ ಪುಸ್ತಕದಲ್ಲಿ ಕೋರ್ಟಿಗೆ ಸಿಕ್ಕಿರುವ ಜಾಗ ಆಶ್ಚರ್ಯವಾಗುವಷ್ಟು ಕಡಿಮೆ, ಮತ್ತು ಅದು ಲೇಖಕರ ತಪ್ಪಲ್ಲ. ಅವರು ಸಿಕ್ಕಿಬಿದ್ದದ್ದು 2009ರಲ್ಲಿ. ವಿಚಾರಣೆಯ ಮೊದಲ ಕಲಾಪ ನಡೆದದ್ದು 2011ರ ಫೆಬ್ರವರಿ 6ಕ್ಕೆ, ಮುಚ್ಚಿದ ಬಾಗಿಲ ಹಿಂದೆ. ಕೊನೆಯ ಕಲಾಪ ಅದೇ ವರ್ಷ ಜುಲೈ 31ಕ್ಕೆ, ಸರಿಯಾಗಿ ಎರಡು ವರ್ಷಕ್ಕೆ. ಆಗಸ್ಟಿನಲ್ಲಿ ಎಂಟು ವರ್ಷದ ಶಿಕ್ಷೆ ಪ್ರಕಟವಾಯಿತು: ಅಕ್ರಮ ಪ್ರವೇಶಕ್ಕೆ ಮೂರು, ಬೇಹುಗಾರಿಕೆಗೆ ಐದು. ವಕೀಲರಾಗಿದ್ದ ಮಸೂದ್ ಶಫೀಯಿ ಅವರಿಗೆ ತಮ್ಮ ಕಕ್ಷಿದಾರರನ್ನು ನೆಟ್ಟಗೆ ಭೇಟಿಯಾಗಲು ಬಿಡಲಿಲ್ಲ. ಬೇಹುಗಾರಿಕೆಗೆ ಆಧಾರವೇನು ಎಂಬುದನ್ನು ಇರಾನ್ ಹೊರಜಗತ್ತಿಗೆ ತೋರಿಸಲೂ ಇಲ್ಲ. ಸೆರೆಯ 781 ದಿನಗಳಲ್ಲಿ ಮನೆಯವರ ಜೊತೆ ಫೋನಿನಲ್ಲಿ ಮಾತಾಡಿದ್ದು ಒಟ್ಟು ಹದಿನೈದು ನಿಮಿಷ ಎಂದು ಶೇನ್ ಮತ್ತು ಜೋಶ್ ಬಿಡುಗಡೆಯ ನಂತರ ಲೆಕ್ಕ ಕೊಟ್ಟರು. ಇಂಥ ಕಡೆ ಕೋರ್ಟು ಕಥೆಯ ನಡುವೆ ಬರುವುದು ಹೇಗೆ? ಕೈದಿಯ ದಿನದಲ್ಲಿ ಮುಖ್ಯವಾದವರು ಬಾಗಿಲಿನ ಕಿಂಡಿ ತೆಗೆಯುವ ಕಾವಲುಗಾರ, ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿ ಹಿಂದಿನಿಂದ ಪ್ರಶ್ನೆ ಕೇಳುವವನು. ನ್ಯಾಯಾಧೀಶ ಎಲ್ಲೋ ದೂರದ ಮೇಜಿನ ಮೇಲಿನ ಸಹಿ.

ಆ ಸಹಿಯ ಬಗ್ಗೆ ಒಂದು ವಿವರ ನನ್ನ ತಲೆಯಿಂದ ಹೋಗುತ್ತಿಲ್ಲ. 2011ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಅಹ್ಮದಿನೆಜಾದ್ ವಿಶ್ವಸಂಸ್ಥೆಯ ಸಭೆಗೆ ಹೊರಡುವ ಮುಂಚೆ ಅಮೆರಿಕದ ಟಿವಿಗೆ ಸಂದರ್ಶನ ಕೊಟ್ಟು, ಒಂದೆರಡು ದಿನದಲ್ಲಿ ಇಬ್ಬರನ್ನೂ ಬಿಡುತ್ತೇವೆ ಎಂದರು. ಮರುದಿನವೇ ನ್ಯಾಯಾಂಗ, ಅದು ಹೇಳಬೇಕಾದವರು ನಾವು, ಇನ್ನೂ ತೀರ್ಮಾನವಾಗಿಲ್ಲ ಎಂದಿತು. ಹಿಂದಿನ ವರ್ಷ ಸಾರಾಳ ಬಿಡುಗಡೆಯಲ್ಲೂ ಹೀಗೇ ಆಗಿತ್ತು: ಸರ್ಕಾರ ಸಮಾರಂಭ ಘೋಷಿಸಿತು, ನ್ಯಾಯಾಂಗ ರದ್ದು ಮಾಡಿತು, ಕೆಲವು ದಿನ ಬಿಟ್ಟು ಬಿಟ್ಟಿತು. ಕೊನೆಗೆ ಜಾಮೀನಿನ ಕಾಗದಕ್ಕೆ ಇಬ್ಬರು ನ್ಯಾಯಾಧೀಶರ ಸಹಿ ಬೇಕು, ಒಬ್ಬರು ರಜೆಯಲ್ಲಿದ್ದಾರೆ ಎಂದು ವಕೀಲರು ಬಂದು ಹೇಳಿದರು. ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಸಾಹೇಬರು ರಜೆ ಎಂಬ ಮಾತು ಕೇಳಿ ಹಿಂದಿರುಗಿದ ಯಾರಿಗೂ ಇದು ಪರದೇಶ ಅನ್ನಿಸುವುದಿಲ್ಲ. ರಜೆ ಮುಗಿಯಿತು, ಸಹಿ ಬಿತ್ತು, ತಲೆಗೆ ಐದು ಲಕ್ಷ ಡಾಲರಿನ ಜಾಮೀನಿನ ಮೇಲೆ ಸೆಪ್ಟೆಂಬರ್ 21ರಂದು ಅವರು ಮಸ್ಕತ್ತಿಗೆ ಹಾರಿದರು. ನಡುವೆ ನಿಂತು ಏರ್ಪಾಡು ಮಾಡಿದ್ದು ಒಮಾನ್. ಶಿಕ್ಷೆಯಾದ ಮೇಲೆ ಜಾಮೀನು! ನಿರ್ದೋಷಿಗಳು ಎಂದು ಯಾರೂ ಹೇಳಲಿಲ್ಲ. ಕೋರ್ಟು ಅಪರಾಧ ಎಂದದ್ದನ್ನು ಅಪರಾಧವಾಗಿಯೇ ಉಳಿಸಿಕೊಂಡು ಮನುಷ್ಯರನ್ನು ಬಿಟ್ಟುಕೊಟ್ಟಿತು.

ಇದೆಲ್ಲ ಓದಿ ಇರಾನಿನ ಕೋರ್ಟು ಹೀಗೆ, ನಮ್ಮದು ಹಾಗಲ್ಲ ಎಂದು ಪುಸ್ತಕ ಮಡಿಸಿಡುವುದು ಸುಲಭ. ಅಮೆರಿಕದಲ್ಲಿ ಹಲವರು ಹಾಗೇ ಮಾಡಿದರು. ಇನ್ನು ಕೆಲವರು ಅಲ್ಲಿಗೆ ಚಾರಣಕ್ಕೆ ಹೋಗಿದ್ದೇ ಮೂರ್ಖತನ ಎಂದು ಕೈದಿಗಳನ್ನೇ ಬೈದರು. ಪುಸ್ತಕದ ಒಳಗೇ ಇದಕ್ಕೆ ಅಡ್ಡಿ ಇದೆ. ಜೈಲಿನ ಸ್ಥಿತಿಯ ಬಗ್ಗೆ ದೂರಿದಾಗಲೆಲ್ಲ ಕಾವಲುಗಾರರು ಗ್ವಾಂಟನಾಮೊ ನೆನಪಿಸುತ್ತಿದ್ದರು. ಇವರು ಯುದ್ಧವಿರೋಧಿಗಳು, ಪ್ಯಾಲೆಸ್ತೀನ್ ಪರ ನಿಂತವರು, ಆ ಮಾತಿಗೆ ಉತ್ತರವಿಲ್ಲದವರು. ಗ್ವಾಂಟನಾಮೊ ಇದೆ ಎನ್ನುವುದರಿಂದ ಎವಿನ್ ಸರಿಯಾಗುವುದಿಲ್ಲ ಎಂದು ಅವರಿಗೆ ಗೊತ್ತು. ಗ್ವಾಂಟನಾಮೊ ಇಲ್ಲ ಎಂದು ಹೇಳಲೂ ಆಗದು.

ಬಾವರ್ ಬಿಡುಗಡೆಯ ಮರುವರ್ಷವೇ, 2012ರಲ್ಲಿ, 'ಮದರ್ ಜೋನ್ಸ್' ಪತ್ರಿಕೆಗಾಗಿ ಕ್ಯಾಲಿಫೋರ್ನಿಯಾದ ಪೆಲಿಕನ್ ಬೇ ಜೈಲಿಗೆ ಹೋದ. ಅಲ್ಲಿನ ಒಂಟಿ ಕೋಣೆಗಳಿಗೆ ಕಿಟಕಿ ಇಲ್ಲ. ಎವಿನ್‌ನಲ್ಲಿ ತನಗೊಂದು ಕಿಟಕಿ ಇತ್ತು, ಗೋಡೆಯ ಮೇಲೆ ಬಿಸಿಲಿನ ತುಂಡು ಸರಿಯುವುದನ್ನು ನೋಡಬಹುದಿತ್ತು ಎಂದು ಅವನಿಗೆ ಹೊಳೆಯುತ್ತದೆ. ಅಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಒಂಟಿಯಾಗಿದ್ದವರು ಆಗ ಐನೂರಕ್ಕೂ ಮಿಕ್ಕಿ. ಇಪ್ಪತ್ತು ದಾಟಿದವರು ಎಪ್ಪತ್ತೆಂಟು. ಅವರನ್ನು ಅಲ್ಲಿಗೆ ಹಾಕಿದ್ದು ಯಾವ ನ್ಯಾಯಾಧೀಶರೂ ಅಲ್ಲ, ಜೈಲಿನದೇ ಅಧಿಕಾರಿಗಳು, ಗುಂಪುಗಾರಿಕೆಯ ನಂಟು ಎಂಬ ಕಾರಣಕ್ಕೆ. ಸಾಕ್ಷ್ಯವೆಂದು ಫೈಲಿಗೆ ಸೇರಿದ್ದು ಯಾರೋ ಬರೆದ ಚಿತ್ರ, ಮ್ಯಾಕಿಯವೆಲಿಯ ಪುಸ್ತಕ ಇಂಥವು. ವಕೀಲರಿಲ್ಲ, ಕಲಾಪವಿಲ್ಲ. ತನಗಾದರೋ ಕೊನೆಗೆ ಒಂದು ನಾಟಕದ ವಿಚಾರಣೆಯಾದರೂ ನಡೆಯಿತಲ್ಲ ಎಂಬ ಕಹಿ ಆ ಬರಹದ ತಳದಲ್ಲಿದೆ. ಮುಂದೆ ಆ ಕೈದಿಗಳ ಉಪವಾಸಗಳೂ ಮೊಕದ್ದಮೆಯೂ ಸೇರಿ 2015ರ ಒಪ್ಪಂದದಲ್ಲಿ ಆ ಪದ್ಧತಿ ಬದಲಾಯಿತು. ಅಷ್ಟಕ್ಕೇ ನಿಲ್ಲದೆ ಬಾವರ್ ಲೂಯಿಸಿಯಾನಾದ ಖಾಸಗಿ ಜೈಲೊಂದರಲ್ಲಿ ಗಂಟೆಗೆ ಒಂಬತ್ತು ಡಾಲರಿಗೆ ಕಾವಲುಗಾರನಾಗಿ ಸೇರಿ ಅಲ್ಲಿಯದನ್ನೂ ಬರೆದ. ಕೈದಿಯಾಗಿದ್ದವನು ಕೀಲಿಕೈ ಹಿಡಿದಾಗ ತನ್ನೊಳಗೇ ಕಾವಲುಗಾರ ಬೆಳೆಯುವುದನ್ನು ಕಾಣುತ್ತಾನೆ. ಎವಿನ್ ಪುಸ್ತಕವನ್ನು ಈ ಬರಹಗಳ ಜೊತೆಗಿಟ್ಟೇ ಓದಬೇಕು. ಒಂಟಿಯಾಗಿ ಓದಿದರೆ ಅದು ಅರ್ಧ ಪುಸ್ತಕ.

ಪರದೇಶದವರನ್ನು ಹಿಡಿದಾಗ ಅವರ ದೂತಾವಾಸಕ್ಕೆ ತಡಮಾಡದೆ ಸಂಪರ್ಕ ಕೊಡಬೇಕು ಎನ್ನುವುದು 1963ರ ವಿಯೆನ್ನಾ ಒಪ್ಪಂದದ ಮೂವತ್ತಾರನೆಯ ವಿಧಿ. ತೆಹ್ರಾನಿನಲ್ಲಿ ಅಮೆರಿಕದ ರಾಯಭಾರ ಕಚೇರಿ ಇಲ್ಲದ್ದರಿಂದ ಸ್ವಿಸ್ ರಾಯಭಾರಿಗೆ ಭೇಟಿ ಸಿಕ್ಕಿತು, ಅದೂ ಸುಮಾರು ಎರಡು ತಿಂಗಳ ನಂತರ. ಅಮೆರಿಕ ಇದನ್ನು ನ್ಯಾಯವಾಗಿಯೇ ಆಕ್ಷೇಪಿಸಿತು. ಆದರೆ ಇದೇ ವಿಧಿಯನ್ನು ಮುರಿದಿದ್ದಕ್ಕೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಅಮೆರಿಕವೇ ಎರಡು ಸಲ ಸೋತಿದೆ, 2001ರಲ್ಲಿ ಜರ್ಮನಿಯ ಎದುರು, 2004ರಲ್ಲಿ ಮೆಕ್ಸಿಕೋದ ಎದುರು. ಎರಡನೆಯದರಲ್ಲಿದ್ದವರು ಮರಣದಂಡನೆಗೆ ಗುರಿಯಾದ ಐವತ್ತಕ್ಕೂ ಹೆಚ್ಚು ಮೆಕ್ಸಿಕನ್ನರು. ತೀರ್ಪಿನ ನಂತರವೂ 2008ರಲ್ಲಿ ಟೆಕ್ಸಾಸ್ ಅವರಲ್ಲೊಬ್ಬನನ್ನು ಕೊಂದಿತು. ಮೆಕ್ಸಿಕೋದ ಒಬ್ಬ ತಾಯಿಗೆ ಟೆಕ್ಸಾಸಿನ ಕೋರ್ಟು ಪರದೇಶದ ಕೋರ್ಟೇ.

ಆ ಎರಡು ತೀರ್ಪುಗಳ ಮೇಲೆಯೇ ನಿಂತು 2019ರ ಜುಲೈ 17ರಂದು ಅದೇ ನ್ಯಾಯಾಲಯ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಪಾಕಿಸ್ತಾನ ಒಪ್ಪಂದ ಮುರಿದಿದೆ ಎಂದಿತು. ಮುಂಬಯಿಯಲ್ಲಿ ಆ ದಿನ ಪಟಾಕಿ ಹಚ್ಚಿದ್ದು ಇಲ್ಲಿನವರಿಗೆಲ್ಲ ನೆನಪಿರಬೇಕು. ಟಿವಿಗಳು ಅದನ್ನು ಬಿಡುಗಡೆಯ ತೀರ್ಪಿನಂತೆ ಕೂಗಿದವು. ನ್ಯಾಯಾಲಯ ಹೇಳಿದ್ದು ಕಡಿಮೆ, ಹೆಚ್ಚು ಗಟ್ಟಿ: ದೂತಾವಾಸದ ಭೇಟಿ ಕೊಡಿ, ಸೇನಾ ನ್ಯಾಯಾಲಯದ ತೀರ್ಪನ್ನು ಪರಿಣಾಮಕಾರಿಯಾಗಿ ಮರುಪರಿಶೀಲಿಸಿ, ಅಲ್ಲಿಯವರೆಗೆ ಗಲ್ಲು ಬೇಡ. ಅವರನ್ನು ಬಿಡಿ ಎಂಬ ಭಾರತದ ಕೋರಿಕೆಯನ್ನು ಅದು ಒಪ್ಪಲಿಲ್ಲ. ಅವರು ಯಾರು, ಏನು ಮಾಡುತ್ತಿದ್ದರು ಎಂಬ ಪ್ರಶ್ನೆಗೂ ಕೈ ಹಾಕಲಿಲ್ಲ. ನ್ಯಾಯಯುತ ವಿಚಾರಣೆ ಎನ್ನುವುದು ನಿರ್ದೋಷಿಗಳಿಗೆ ಮಾತ್ರ ಸಲ್ಲುವ ಬಹುಮಾನವಲ್ಲ ಎಂಬ ಈ ಒಣ ಮಾತನ್ನು ಕೇಳಿಸಿಕೊಳ್ಳುವ ತಾಳ್ಮೆ ನಮಗೆ ಆ ದಿನ ಇರಲಿಲ್ಲ. ಅಸ್ಸಾಮಿನ ವಿದೇಶಿಯರ ನ್ಯಾಯಮಂಡಳಿಯ ಎದುರು ತಾನು ಭಾರತೀಯ ಎಂದು ಸಾಬೀತು ಮಾಡುವ ಹೊರೆ ಸಂಶಯಕ್ಕೆ ಒಳಗಾದವರ ಮೇಲೆಯೇ ಇದೆ ಎಂಬುದನ್ನು ಅಂಥ ದಿನ ಯಾರು ನೆನೆಸಿಕೊಳ್ಳುತ್ತಾರೆ!

ಮುಂಬಯಿಗೇ ಸೇರಿದ ಇನ್ನೊಂದು ಪ್ರಕರಣ ಹಮೀದ್ ನಿಹಾಲ್ ಅನ್ಸಾರಿಯದು. ಅಂತರ್ಜಾಲದಲ್ಲಿ ಪರಿಚಯವಾದ ಹುಡುಗಿಗಾಗಿ 2012ರಲ್ಲಿ ಆಫ್ಘಾನಿಸ್ತಾನದ ಮೂಲಕ, ಸುಳ್ಳು ಗುರುತಿನ ಚೀಟಿಯೊಂದಿಗೆ ಪಾಕಿಸ್ತಾನದ ಕೋಹಾಟ್ ಸೇರಿ ಸಿಕ್ಕಿಬಿದ್ದ ಹುಡುಗ. ಅಹ್ಮದ್ ಆವಾದವರಂತೆ ಅವನು ಗೊತ್ತಿಲ್ಲದೆ ದಾಟಿದವನಲ್ಲ. ಮೂರು ವರ್ಷ ಅವನು ಎಲ್ಲಿದ್ದಾನೆ ಎಂದೇ ಮನೆಯವರಿಗೆ ತಿಳಿಯಲಿಲ್ಲ. ಸೇನಾ ನ್ಯಾಯಾಲಯ 2015ರ ಡಿಸೆಂಬರಿನಲ್ಲಿ ಮೂರು ವರ್ಷ ಶಿಕ್ಷೆ ಕೊಟ್ಟಿತು, ಆಗಲೇ ಕಳೆದಿದ್ದ ಮೂರು ವರ್ಷ ಲೆಕ್ಕಕ್ಕೆ ಬರಲಿಲ್ಲ. ಆದರೆ ಅವನು ಸೇನೆಯ ವಶದಲ್ಲಿದ್ದಾನೆ ಎಂಬ ಉತ್ತರ ಸರ್ಕಾರದ ಬಾಯಿಂದ ಹೊರಬಿದ್ದದ್ದು ಪೇಶಾವರದ ಹೈಕೋರ್ಟಿನಲ್ಲಿ, ಮುಂಬಯಿಯ ತಾಯಿಯೊಬ್ಬರು ಸಲ್ಲಿಸಿದ ಅರ್ಜಿಯ ಮೇಲೆ. ಶಿಕ್ಷೆ ಮುಗಿಯುವ ಹೊತ್ತಿಗೆ ಅವನನ್ನು ಕಳಿಸುವ ಕಾಗದಪತ್ರ ಬೇಗ ಮುಗಿಸಿ ಎಂದು ಗಡುವು ಹಾಕಿದ್ದೂ ಅದೇ ಹೈಕೋರ್ಟು. ವಾದಿಸಿದವರು ಅಲ್ಲಿನ ಹಿರಿಯ ವಕೀಲ ಕಾಝಿ ಮುಹಮ್ಮದ್ ಅನ್ವರ್. 2018ರ ಡಿಸೆಂಬರ್ 18ರಂದು ಹಮೀದ್ ವಾಘಾ ದಾಟಿ ಬಂದ. ಪರದೇಶದ ಕೋರ್ಟು ಎಂದು ಒಂದೇ ಹೆಸರಿಟ್ಟು ಕರೆಯುವ ವಸ್ತುವಿನೊಳಗೆ ಸೇನಾ ನ್ಯಾಯಾಲಯವೂ ಇದೆ, ಅದನ್ನು ಪ್ರಶ್ನೆ ಕೇಳುವ ಹೈಕೋರ್ಟೂ ಇದೆ.

ಹಮೀದ್‌ನ ಬೆನ್ನು ಹಿಡಿದು ಹುಡುಕಿದ್ದ ಲಾಹೋರಿನ ಯುವ ಪತ್ರಕರ್ತೆ ಝೀನತ್ ಶಹಜಾದಿ 2015ರ ಆಗಸ್ಟಿನಲ್ಲಿ ಕಾಣೆಯಾದಳು. ಅವಳು ಮತ್ತೆ ಸಿಕ್ಕಿದ್ದು ಎರಡು ವರ್ಷದ ಮೇಲೆ. ಅವಳು ಅನುಭವಿಸಿದ್ದಕ್ಕೆ ವಿಯೆನ್ನಾ ಒಪ್ಪಂದವಿಲ್ಲ, ಸ್ವಿಸ್ ರಾಯಭಾರಿಯಿಲ್ಲ, ಒಮಾನಿನ ದುಡ್ಡಿಲ್ಲ. ಅವಳು ಅಲ್ಲಿಯವಳೇ.

ಎವಿನ್ ಪುಸ್ತಕದ ಬಗ್ಗೆ ನನ್ನ ಮುಖ್ಯ ತಕರಾರು ಇಲ್ಲಿಂದ ಹುಟ್ಟುತ್ತದೆ, ಮುಖ್ಯ ಮೆಚ್ಚುಗೆಯೂ. ಈ ಮೂವರನ್ನು ಹಿಡಿದ ಮರುದಿನ, 2009ರ ಆಗಸ್ಟ್ 1ರಂದು, ತೆಹ್ರಾನಿನ ಕ್ರಾಂತಿಕಾರಿ ನ್ಯಾಯಾಲಯದಲ್ಲಿ ನೂರಕ್ಕೂ ಹೆಚ್ಚು ಇರಾನಿಯರ ಸಾಮೂಹಿಕ ವಿಚಾರಣೆ ಶುರುವಾಯಿತು. ಜೂನ್ ತಿಂಗಳ ಚುನಾವಣೆಯ ಫಲಿತಾಂಶವನ್ನು ಪ್ರಶ್ನಿಸಿ ಬೀದಿಗಿಳಿದವರು, ಪತ್ರಕರ್ತರು, ಮಾಜಿ ಉಪಾಧ್ಯಕ್ಷರಾಗಿದ್ದ ಮುಹಮ್ಮದ್ ಅಲಿ ಅಬ್ತಹಿ. ಜೈಲಿನ ಪೋಷಾಕಿನಲ್ಲಿ ಸಾಲಾಗಿ ಕೂರಿಸಿ ತಪ್ಪೊಪ್ಪಿಗೆ ಹೇಳಿಸಿ ಟಿವಿಯಲ್ಲಿ ತೋರಿಸಿದರು. ಪೀಠದ ಮೇಲಿದ್ದವರು ಹದಿನೈದನೆಯ ಶಾಖೆಯ ಅಬುಲ್ ಕಾಸಿಂ ಸಲವಾತಿ. ಅಮೆರಿಕನ್ನರಿಗೆ ಎಂಟು ವರ್ಷ ಕೊಟ್ಟದ್ದೂ ಅವರೇ. ಅಂದರೆ ಪರದೇಶಿಗಳಿಗಾಗಿ ಬೇರೆ ಅನ್ಯಾಯವೇನೂ ತಯಾರಾಗಿರಲಿಲ್ಲ. ತಮ್ಮವರಿಗೆ ದಿನನಿತ್ಯ ಬಡಿಸುತ್ತಿದ್ದುದರಲ್ಲೇ ಒಂದು ಸೌಟು ಅವರ ತಟ್ಟೆಗೂ ಬಿತ್ತು. ಅವರ ಅಕ್ಕಪಕ್ಕದ ಕೋಣೆಗಳಲ್ಲಿ ಇದ್ದವರು ಆ ಜನವೇ.

ಪುಸ್ತಕಕ್ಕೆ ಇದು ಗೊತ್ತಿದೆ. ಗೋಡೆಯ ಆಚೆಯ ದನಿಗಳು, ಹೊಡೆತದ ಸದ್ದು, ಅಳು, ಕದ್ದು ಆಡಿದ ಮಾತು ಮತ್ತೆ ಮತ್ತೆ ಬರುತ್ತವೆ. ಆದರೆ ಮುಖಗಳು ಬರುವುದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದವರು ಮುಖ ಹೇಗೆ ಬರೆದಾರು ಎನ್ನುವುದು ನ್ಯಾಯವಾದ ಉತ್ತರ, ಒಪ್ಪುತ್ತೇನೆ. ಹಾಗಿದ್ದರೂ, ಬಿಡುಗಡೆಯ ನಂತರ ಪುಸ್ತಕ ಬರೆಯುವ ನಡುವೆ ಎರಡು ವರ್ಷಕ್ಕೂ ಹೆಚ್ಚು ಸಮಯವಿತ್ತು. ಆ ದನಿಗಳು ಯಾರವು, ಮುಂದೇನಾದರು ಎಂದು ಹುಡುಕುವ ಪತ್ರಕರ್ತನ ಕೆಲಸವನ್ನು ಬಾವರ್ ಕ್ಯಾಲಿಫೋರ್ನಿಯಾದ ಕೈದಿಗಳಿಗಾಗಿ ಮಾಡಿದಷ್ಟು ಇಲ್ಲಿ ಮಾಡಿದಂತೆ ಕಾಣುವುದಿಲ್ಲ. ಹೆಸರು ಬರೆದರೆ ಅವರಿಗೇ ಅಪಾಯ ಎಂಬ ಅಂಜಿಕೆ ಇದ್ದಿರಬಹುದು. ಓದುಗನಿಗೆ ಮಾತ್ರ ಒಂದು ಓಣಿಯ ತುಂಬ ಜನ ಇದ್ದೂ ಮೂವರೇ ಉಳಿದಂತೆ ಆಗುತ್ತದೆ.

ಹೋಲಿಕೆಗೆ ನಮ್ಮಲ್ಲೇ ಒಂದು ಪುಸ್ತಕವಿದೆ. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, 'ಸಂಸ್ಕಾರ'ದ ಚಂದ್ರಿ ಸ್ನೇಹಲತಾ ರೆಡ್ಡಿಯವರನ್ನು ಹಿಡಿದು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇಟ್ಟರು. ಎಂಟು ತಿಂಗಳು, ವಿಚಾರಣೆ ಎಂಬುದೇ ಇಲ್ಲ. ಉಬ್ಬಸದಿಂದ ನರಳಿ, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆಮೇಲೆ ಪ್ರಕಟವಾದ ಅವರ ಜೈಲಿನ ದಿನಚರಿ ತೀರ ಸಣ್ಣದು, ಕಲೆಯ ದೃಷ್ಟಿಯಿಂದ ಹೊಲಿಗೆ ಬಿಟ್ಟದ್ದು. ಆದರೆ ಅದರಲ್ಲಿ ಅವರು ಒಬ್ಬರೇ ಇಲ್ಲ. ಜೈಲಿನ ಬಡ ಹೆಂಗಸರು, ಅವರಿಗೆ ಬೀಳುವ ಹೊಡೆತ, ಅವರ ಅನ್ನ, ಅದಕ್ಕಾಗಿ ಇವರು ಅಧಿಕಾರಿಗಳ ಜೊತೆ ಕಾದದ್ದು ಎಲ್ಲ ಇದೆ. ಭಾಷೆ ಗೊತ್ತಿದ್ದು, ಕಣ್ಣಿಗೆ ಬಟ್ಟೆ ಇಲ್ಲದಿದ್ದ ಅನುಕೂಲ ಅವರಿಗಿತ್ತು ನಿಜ. ಎರಡನ್ನೂ ಒಟ್ಟಿಗೆ ಓದಿದವರಿಗೆ, ಸಾರಾಳ ಪುಟಗಳಲ್ಲಿ ಒಂಟಿತನ ಎಷ್ಟು ತುಂಬಿದೆಯೋ ಅಷ್ಟೇ ಜನ ಸ್ನೇಹಲತಾ ಅವರ ಪುಟಗಳಲ್ಲಿ ತುಂಬಿದ್ದಾರೆ ಅನ್ನಿಸುತ್ತದೆ. ಈ ದಿನಚರಿ ನಮ್ಮಲ್ಲಿ ಎಷ್ಟು ಜನರ ಮನೆಯಲ್ಲಿದೆ ಎಂದು ಕೇಳಿಕೊಳ್ಳಬೇಕು. 'ಪ್ಯಾಪಿಲಾನ್' ಎಲ್ಲರ ಮನೆಯಲ್ಲೂ ಇದೆ.

ಮಸೂದ್ ಶಫೀಯಿ ಪುಸ್ತಕದಲ್ಲಿ ಬರುವುದು ಕಡಿಮೆ. ಬರುವಷ್ಟರಲ್ಲಿ ಅವರು ಬೆವರುತ್ತ, ಕಾಗದ ಹಿಡಿದು, ಒಳಗೆ ಬಿಡದ ಬಾಗಿಲುಗಳ ಮುಂದೆ ಕಾಯುವ ಮನುಷ್ಯನಂತೆ ನನ್ನ ಮನಸ್ಸಿನಲ್ಲಿ ಉಳಿದಿದ್ದಾರೆ. ರಜೆಯಲ್ಲಿದ್ದ ನ್ಯಾಯಾಧೀಶರ ಸಹಿಗಾಗಿ ಓಡಾಡಿದವರು ಅವರು. ಆ ಕೋರ್ಟಿನಲ್ಲಿ ಕಾನೂನಿನ ಪುಸ್ತಕವನ್ನು ನಂಬಿದಂತೆ ನಡೆದುಕೊಂಡವರು ಯಾರಾದರೂ ಇದ್ದರೆ ಅದು ಅವರೇ. ಕಕ್ಷಿದಾರರು ಮಸ್ಕತ್ತಿನಿಂದ ನ್ಯೂಯಾರ್ಕಿಗೆ ಹೋಗಿ ಪತ್ರಿಕಾಗೋಷ್ಠಿ ಮಾಡಿದ ದಿನಗಳಲ್ಲಿ ಅವರನ್ನು ಪ್ರಶ್ನೆಗೆ ಕರೆಸಿದರು, ಮನೆ ಜಾಲಾಡಿದರು. ಅಕ್ಟೋಬರ್ ಆರಂಭದಲ್ಲಿ ಅಮೆರಿಕಕ್ಕೆ ಹೊರಡಲು ತೆಹ್ರಾನಿನ ವಿಮಾನ ನಿಲ್ದಾಣಕ್ಕೆ ಹೋದಾಗ ಅವರ ಪಾಸ್‌ಪೋರ್ಟನ್ನು ತೆಗೆದುಕೊಂಡು, ದೇಶ ಬಿಡುವಂತಿಲ್ಲ ಎಂದು ಹೇಳಿ ಮನೆಗೆ ಕಳಿಸಿದರು.